ಸಾಲು ನೇರ ಇದ್ರೆ ಸಾಕು ಸ್ವಾಮಿ!

ಕನ್ನಡ ಬ್ಲಾಗಿಗರಲ್ಲಿ ಡ್ರಮ್ ಕೋರ್ ನೋಡುವವರು ಯಾರಾದ್ರೂ ಇದ್ದೀರಾ? ಇದ್ದರೆ ಕೈ ಎತ್ತಿ. ಇಲ್ಲದವರು ಒಂದೈದು ನಿಮಿಷ ನನ್ನ ಕೊರೆತ ತಡ್ಕೊಳ್ಳಿ :)

ಮೊದಲು ಸ್ವಲ್ಪ ಪರಿಚಯ. ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ಸುತ್ತುತ್ತಾರೆ. ದೊಡ್ಡ ತಂಡಗಳಲ್ಲಿ ನೂರೈವತ್ತರ ಆಜುಬಾಜು ಜನ. ಹಿತ್ತಾಳೆಯ ತುತ್ತೂರಿ ಊದುವವರು, ಡ್ರಮ್ ಬಾರಿಸುವವರು, ಬಾವುಟ ತಿರುಗಿಸುವವರು. ರಾತ್ರಿ ಯಾವುದೋ ಶಾಲೆಯ ಜಿಮ್ಮಿನ ನೆಲದ ಮೇಲೆ ನಿದ್ದೆ, ಹಗಲೆಲ್ಲ ಬಿಸಿಲಲ್ಲಿ ಅಭ್ಯಾಸ, ಸಂಜೆ ಹತ್ತು ಹನ್ನೆರಡು ನಿಮಿಷದ ಒಂದು ಪ್ರದರ್ಶನ. ಸಂಬಳ ಇಲ್ಲ, ಬದಲಿಗೆ ಇವರೇ ಸಾವಿರಾರು ಡಾಲರ್ ಕೊಟ್ಟು ಸೇರಬೇಕು! ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇದರ ಮೊದಲ ಚಾಂಪಿಯನ್‌ಶಿಪ್ ನಡೆಸಿದ್ದು ೧೯೭೨ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ.

ಇವರ ರಂಗಸ್ಥಳ ಅಂದ್ರೆ ಅಮೆರಿಕನ್ ಫುಟ್‌ಬಾಲ್ ಮೈದಾನ. ೧೦೦ ಗಜ ಉದ್ದ, ೫ ಗಜಕ್ಕೊಂದು ಬಿಳಿ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ೮ ಹೆಜ್ಜೆ ಅನ್ನೋದು ಮೂಲ ಅಳತೆ. ಅಂದ್ರೆ ಒಂದು ಹೆಜ್ಜೆಗೆ ೨೨.೫ ಇಂಚು. ವಾದ್ಯ ನುಡಿಸುತ್ತಲೇ ಈ ಹೆಜ್ಜೆಗಳಲ್ಲಿ ನಡೆದು ಮೈದಾನದ ಮೇಲೆ ಚಿತ್ರ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ಈ ಕಲೆಯಲ್ಲಿ ಮನಸ್ಸಿಗೆ ನಾಟುವುದು ತೀರಾ ಸರಳವಾದ ಚಲನೆಗಳೇ ಅನ್ನೋದು ನನ್ನ ವಾದ. ಇತ್ತೀಚಿನ ವರ್ಷಗಳಲ್ಲಿ ತಂಡಗಳು ಅವುಗಳ ವಿಷಯದಲ್ಲಿ ಯಾಕೋ ಜಿಪುಣರಾಗುತ್ತಿದ್ದಾರೆ. ಅದು ನಷ್ಟ.

ಕಂಪನಿ ಫ್ರಂಟ್ ಎಂಬ ಚಲನೆಯನ್ನೇ ತಗೊಳ್ಳಿ. ಊದುವವರೆಲ್ಲ ಮೈದಾನದ ಹಿಂಭಾಗದಲ್ಲಿ ಒಂದೇ ಉದ್ದ ಸಾಲಾಗಿ ನಿಲ್ತಾರೆ. ನಂತರ ಪೂರ್ತಿ ಸಾಲು ನೇರ ನಮ್ಮ ಕಡೆಗೆ ನಡೆದು ಬರುತ್ತೆ. ಅಷ್ಟೇ! ವಿವರಿಸೋಕೆ ಮೂರು ವಾಕ್ಯ ಸಾಕು. ಆದರೆ ಹತ್ತಿರ ಬರ್ತಾ ಬರ್ತಾ ಮನುಷ್ಯರ ಗಾತ್ರ ದೊಡ್ಡದಾಗುತ್ತೆ, ಧ್ವನಿಯೂ ದೊಡ್ಡದಾಗುತ್ತೆ. ಕಣ್ಣು, ಕಿವಿ ಎರಡಕ್ಕೂ ಒಂದೇ ಸುದ್ದಿ ಒಟ್ಟಿಗೆ ತಲುಪುತ್ತೆ. ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತೆ.

"ಅದೇನು ಮಹಾ, ನೇರ ನಡೆಯೋದು ತಾನೇ?" ಅಂತೀರಾ? ಸ್ವಲ್ಪ ಲೆಕ್ಕ ಹಾಕೋಣ. ಸಾಲಿನ ಉದ್ದ ೬೦ ಗಜ, ಅಂದ್ರೆ ಸುಮಾರು ೫೫ ಮೀಟರ್ ಅಂತಿಟ್ಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಓಡುತ್ತೆ. ಈ ತುದಿಯವನ ಸ್ವರ ಆ ತುದಿಯವನ ಕಿವಿಗೆ ಬೀಳಲು ಸೆಕೆಂಡಿನ ಆರನೇ ಒಂದು ಭಾಗ ಬೇಕು. ನಿಮಿಷಕ್ಕೆ ೧೮೦ ಬೀಟ್ ವೇಗದ ಸಂಗೀತದಲ್ಲಿ ಇದು ಅರ್ಧ ಬೀಟ್! ದೂರದ ಗೆಳೆಯನನ್ನು ಕೇಳಿಸಿಕೊಂಡು ನುಡಿಸಿದರೆ ಕೆಟ್ಟಂತೆಯೇ. ಸಂಗೀತ ಕೈಯಲ್ಲಿದ್ದೂ ಕಿವಿಯನ್ನು ನಂಬದೆ, ಮುಂದೆ ನಿಂತು ತಾಳ ತೋರಿಸುವವರ ಕೈಯನ್ನು ನಂಬಬೇಕು. ಜೊತೆಗೆ ಅಕ್ಕಪಕ್ಕದವರೊಂದಿಗೆ ಭುಜ ಒಂದೇ ಗೆರೆಯಲ್ಲಿರಬೇಕು. ಜನ ಚದುರಿ ನಿಂತಿರುವ ಗೊಂದಲದ ಚಿತ್ರದಲ್ಲಿ ಒಬ್ಬ ಎರಡಡಿ ಆಚೀಚೆ ಇದ್ದರೂ ಯಾರಿಗೂ ಕಾಣಲ್ಲ. ನೇರ ಸಾಲಿನಲ್ಲಿ ಅರ್ಧ ಹೆಜ್ಜೆ ತಪ್ಪಿದರೂ ಮೇಲಿನ ಸೀಟಿನ ಅಜ್ಜಿಗೂ ಕಾಣುತ್ತೆ. ಸರಳ ಅಂದ್ರೆ ಸುಲಭ ಅಲ್ಲ ಮಾರಾಯ್ರೆ, ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲ ಅಂತ ಅರ್ಥ.

ಇನ್ನೊಂದು, ಸಾಲು ಬಾಗಿಲಿನಂತೆ ತಿರುಗೋದು. ಇದನ್ನ ನಾವೆಲ್ಲ ನೋಡಿದ್ದೀವಿ. ಆಗಸ್ಟ್ ಹದಿನೈದರ ಪರೇಡಿನಲ್ಲಿ ಮಕ್ಕಳು ಮೈದಾನದ ಮೂಲೆಯಲ್ಲಿ ತಿರುಗುವಾಗ ಒಳಗಿನವನು ನಿಂತಲ್ಲೇ ಕಾಲು ಕುಟ್ಟುತ್ತಾನೆ, ಹೊರಗಿನವನು ಏದುಸಿರು ಬಿಡುತ್ತಾ ಓಡಿ ಬರುತ್ತಾನೆ! ಡ್ರಮ್ ಕೋರ್‌ನಲ್ಲೂ ತತ್ವ ಅದೇ. ೨೦ ಗಜ ಉದ್ದದ ಸಾಲು ೩೨ ಹೆಜ್ಜೆಗಳಲ್ಲಿ ಕಾಲು ಸುತ್ತು ತಿರುಗಿದರೆ, ಹೊರತುದಿಯವರು ಒಂದೊಂದು ಹೆಜ್ಜೆಗೆ ಸುಮಾರು ೩೫ ಇಂಚು ಹಾಕಬೇಕು. ಕೀಲಿನಿಂದ ಐದು ಗಜ ದೂರದಲ್ಲಿರುವವರಿಗೆ ೯ ಇಂಚು ಸಾಕು. ಪ್ರತಿಯೊಬ್ಬರದೂ ಬೇರೆ ಬೇರೆ ಹೆಜ್ಜೆ, ಆದರೆ ಕಾಲು ನೆಲಕ್ಕೆ ಬೀಳೋದು ಒಂದೇ ಕ್ಷಣಕ್ಕೆ. ನೋಡುವವರಿಗೆ ಕಾಣೋದು ಒಂದು ಬಾಗಿಲು ಮಾತ್ರ. ಈ ಲೆಕ್ಕ ಕಾಣದಂತೆ ಮಾಡೋದೇ ಅವರ ಸಾಧನೆ ಅಲ್ವಾ?

ಇತಿಹಾಸವೂ ನನ್ನ ಪಕ್ಷದಲ್ಲೇ ಇದೆ. ಜಾರ್ಜ್ ಜಿಂಗಾಲಿ ಅಂತ ಒಬ್ಬ ವಿನ್ಯಾಸಕಾರ ಇದ್ದರು, ೧೯೯೨ರಲ್ಲಿ ತೀರಿಕೊಂಡರು. ಅದುವರೆಗೆ ಹೆಚ್ಚಾಗಿ ಮೈದಾನದ ನಡುಗೆರೆಯ ಎಡಕ್ಕೆ ಏನಿದೆಯೋ ಬಲಕ್ಕೂ ಅದೇ ಇರುತ್ತಿತ್ತು, ಕನ್ನಡಿ ಹಿಡಿದಂತೆ. ಗಾರ್‌ಫೀಲ್ಡ್ ಕೆಡೆಟ್ಸ್ ತಂಡಕ್ಕಾಗಿ ಜಿಂಗಾಲಿ ಈ ಸಂಪ್ರದಾಯ ಮುರಿದು, ಮೈದಾನದ ತುಂಬ ಹರಿದಾಡುವ ವೇಗದ ಆಕಾರಗಳನ್ನು ತಂದರು. ತಂಡ ೧೯೮೩, ೮೪, ೮೫ ಮೂರೂ ವರ್ಷ ಗೆದ್ದಿತು. ಅಷ್ಟೆಲ್ಲ ಸಂಕೀರ್ಣತೆ ತಂದ ಮನುಷ್ಯನ ೧೯೮೩ರ ಪ್ರದರ್ಶನದಿಂದ ಜನ ಇವತ್ತಿಗೂ ಹೆಸರಿಟ್ಟು ಕರೆಯೋದು ಝಡ್ ಪುಲ್ ಎಂಬ ಒಂದೇ ಒಂದು ಚಲನೆಯನ್ನ. ೧೯೩೪ರಲ್ಲಿ ಶುರುವಾದ ಆ ತಂಡ ೨೦೨೪ರಲ್ಲಿ ಮುಚ್ಚಿಹೋಯಿತು. ಝಡ್ ಪುಲ್ ಮಾತ್ರ ಉಳಿದಿದೆ.

ಹಾಗೇ ೧೯೯೧ರಲ್ಲಿ ಗೆದ್ದ ಸ್ಟಾರ್ ಆಫ್ ಇಂಡಿಯಾನ. ಸಂಗೀತ ರೆಸ್ಪಿಗಿಯದ್ದು, ರೋಮ್ ನಗರದ ಕುರಿತಾದದ್ದು. ಅದರಲ್ಲಿ ಒಂದು ದೊಡ್ಡ ಶಿಲುಬೆಯ ಆಕಾರ ಕಣ್ಣೆದುರೇ ಕರಗಿ ಇನ್ನೊಂದು ಶಿಲುಬೆಯಾಗುತ್ತೆ. ಅದಕ್ಕೆ ಹೆಸರೇ ಕ್ರಾಸ್ ಟು ಕ್ರಾಸ್. ಆ ತಂಡ ೧೯೯೩ರ ನಂತರ ಈ ಸ್ಪರ್ಧೆಗೆ ಬರಲೇ ಇಲ್ಲ. ಆದರೂ ಆಗ ಹುಟ್ಟಿರದ ಮಕ್ಕಳು ಈಗ ಆ ವಿಡಿಯೋ ಹುಡುಕಿ ನೋಡ್ತಾರೆ.

ಇದಕ್ಕೆ ಒಂದು ಆಕ್ಷೇಪ ಇದೆ. ಕಂಪನಿ ಫ್ರಂಟ್ ಅಂದ್ರೆ ಅಗ್ಗದ ಚಪ್ಪಾಳೆ, ನಾಯಕನ ಎಂಟ್ರಿಗೆ ಸೀಟಿ ಹೊಡೆದ ಹಾಗೆ ಅಂತಾರೆ. ಈ ಮಾತಲ್ಲಿ ಸ್ವಲ್ಪ ಸತ್ಯ ಇದೆ. ಪ್ರತಿ ಐದು ನಿಮಿಷಕ್ಕೊಮ್ಮೆ ಸಾಲು ಕಟ್ಟಿಕೊಂಡು ಬಂದರೆ ನಾನೂ ಆಕಳಿಸ್ತೀನಿ. ನೇರ ಗೆರೆಗೆ ಬೆಲೆ ಬರೋದು ಅದಕ್ಕೂ ಮುಂಚೆ ವಕ್ರ ಇದ್ದಾಗ. ಆಕಾರಗಳೆಲ್ಲ ಒಡೆದು, ಜನ ಚೆಲ್ಲಾಪಿಲ್ಲಿಯಾಗಿ ಓಡಿ, ಇನ್ನು ಇದು ಕೂಡೋದೇ ಇಲ್ಲ ಅನ್ನಿಸಿದ ಮೇಲೆ ಆ ಸಾಲು ಮೂಡಬೇಕು. ಮೂಡಿದ ಮೇಲೆ ಸ್ವಲ್ಪ ಹೊತ್ತು ಇರಲೂಬೇಕು. ಒಗ್ಗರಣೆಗೆ ಇಂಗು ಹಾಕಿದ ಹಾಗೆ, ಚಿಟಿಕೆಯಷ್ಟೇ, ಆದರೆ ಇಲ್ಲದಿದ್ರೆ ಗೊತ್ತಾಗುತ್ತೆ. ತಪ್ಪು ಚಲನೆಯದ್ದಲ್ಲ, ಬಳಸುವವರದ್ದು.

ಹೊಸತನದ ಮೇಲೆ ನನಗೆ ಸಿಟ್ಟಿಲ್ಲ. ೨೦೧೬ರಲ್ಲಿ ಗೆದ್ದ ಬ್ಲೂಕೋಟ್ಸ್ ತಂಡದ 'ಡೌನ್ ಸೈಡ್ ಅಪ್'ನಲ್ಲಿ ಮೈದಾನದ ಮೇಲೆ ದೊಡ್ಡ ಇಳಿಜಾರುಗಳನ್ನೇ ಇಟ್ಟಿದ್ದರು, ಹುಡುಗರು ಅದರ ಮೇಲೆ ಹತ್ತಿ ಇಳಿದರು. ಸೊಗಸಾಗಿತ್ತು. ಆದರೆ ಪರಿಕರಗಳು ಹೆಚ್ಚಿದಷ್ಟೂ ಜನ ಅವುಗಳ ಸುತ್ತ ಗುಂಪುಗೂಡಿ ನಿಂತು ನೃತ್ಯ ಮಾಡೋದು ಹೆಚ್ಚಾಗುತ್ತೆ, ನಡಿಗೆ ಕಡಿಮೆಯಾಗುತ್ತೆ. ಇದಕ್ಕೆ ಕ್ಯಾಮೆರಾ ಕೂಡ ಕುಮ್ಮಕ್ಕು. ನಮ್ಮಂಥವರು ನೋಡೋದೇ ವಿಡಿಯೋದಲ್ಲಿ. ಅಲ್ಲಿ ಒಬ್ಬ ಹುಡುಗಿಯ ಬೆವರಿದ ಮುಖ ಕ್ಲೋಸಪ್ಪಿನಲ್ಲಿ ತೋರಿಸುವಷ್ಟರಲ್ಲಿ ಹಿಂದೆ ಸಾಲು ಮೂಡಿ, ತಿರುಗಿ, ಕರಗಿ ಹೋಗಿರುತ್ತೆ! ನೂರೈವತ್ತು ಜನ ತಿಂಗಳುಗಟ್ಟಲೆ ತಿದ್ದಿದ ಚಿತ್ರ ನಮಗೆ ಕಾಣೋದೇ ಇಲ್ಲ.

ತೀರ್ಪುಗಾರರ ೧೦೦ ಅಂಕಗಳಲ್ಲಿ ೪೦ ಒಟ್ಟಾರೆ ಪರಿಣಾಮಕ್ಕೆ, ೩೦ ದೃಶ್ಯಕ್ಕೆ, ೩೦ ಸಂಗೀತಕ್ಕೆ. ಆ ನಲವತ್ತನ್ನು ಗೆಲ್ಲೋಕೆ ಲಾರಿಗಟ್ಟಲೆ ಸಾಮಾನು ಹೊತ್ತು ತರಬೇಕಾಗಿಲ್ಲ. ದುಡ್ಡಿರುವ ತಂಡ ಇಳಿಜಾರು ಕಟ್ಟಿಸಬಹುದು, ದುಡ್ಡಿಲ್ಲದ ಸಣ್ಣ ತಂಡಕ್ಕೆ ನೇರ ಸಾಲು ಯಾವಾಗಲೂ ಬಿಟ್ಟಿ. ಅದಕ್ಕೆ ಬೇಕಾಗಿರೋದು ಪಕ್ಕದವನ ಮೇಲೆ ನಂಬಿಕೆ ಮತ್ತು ೨೨.೫ ಇಂಚು. ಅಷ್ಟೇ.

ಹೊಸಬರಿಗೆ ಒಂದು ಸಲಹೆ. ನೋಡೋದಾದ್ರೆ ಸ್ಟೇಡಿಯಂನ ಮೇಲ್ತುದಿಯಿಂದ ಒಂದೇ ಕ್ಯಾಮೆರಾ ಇಟ್ಟು ತೆಗೆದ ವಿಡಿಯೋ ಹುಡುಕಿ. ೧೯೯೧ರ ಸ್ಟಾರ್‌ನಿಂದ ಶುರು ಮಾಡಿ. ನೋಡಿ ಬಂದ ಮೇಲೆ ಹೇಳಿ, ಮೈ ಜುಮ್ಮೆಂದದ್ದು ಎಲ್ಲಿ? ಗೊಂದಲದಲ್ಲೋ, ಗೆರೆಯಲ್ಲೋ?