ಖಾಲಿ ಚಿಪ್ಪೂ ಒಂದು ಮನೆ

ಅಂಡಮಾನ್ ಎಂದರೆ ನಮ್ಮ ಹಿರಿಯರಿಗೆ ನೆನಪಾಗುವುದು ಕರಿನೀರಿನ ಶಿಕ್ಷೆ. ‘ಅಲ್ಲಿಗ್ಯಾಕಮ್ಮಾ? ಕಾಶಿಗೆ ಹೋಗಬಾರದಾ?’ ಎಂದರು ನಮ್ಮತ್ತೆ. ಸಮುದ್ರವನ್ನೇ ಕಾಣದ ಬಯಲುಸೀಮೆಯವಳು ನಾನು. ಚೀಟಿಯ ಹಣ ಕೈಗೆ ಬಂದಿತ್ತು, ಏಪ್ರಿಲ್‌ನಲ್ಲಿ ಮಗಳ ರಜೆಯೂ ಒದಗಿತು. ಹೊರಟೇಬಿಟ್ಟೆವು.

ಚೆನ್ನೈಯಿಂದ ವಿಮಾನದಲ್ಲಿ ಎರಡು ಗಂಟೆಯ ದಾರಿ. ಇಳಿದದ್ದು ಪೋರ್ಟ್ ಬ್ಲೇರ್‌ನಲ್ಲಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಮಾರನೆಯ ದಿನ ಎಂದಿನಂತೆ ಐದಕ್ಕೆ ಎದ್ದರೆ, ಆಗಲೇ ಬೆಳಕು ಹರಿದಿದೆ! ದ್ವೀಪಗಳು ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ ನೋಡಿ. ಸೂರ್ಯ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಹಾಜರ್. ಸಂಜೆ ಆರಕ್ಕೆ ದೀಪ ಹಚ್ಚಬೇಕು. ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಏಳುವವಳೆಂಬ ನನ್ನ ಜಂಭ ಅಲ್ಲಿ ನಡೆಯಲಿಲ್ಲ!

1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ನೋಡಿ ಮನಸ್ಸು ಭಾರವಾಯಿತು. ಏಳು ಸಾಲುಗಳಲ್ಲಿ ಮೂರು ಉಳಿದಿವೆ. ಮರುದಿನ ಹಡಗು ಹತ್ತಿ ಸ್ವರಾಜ್ ದ್ವೀಪಕ್ಕೆ ಹೋದೆವು. ರಾಧಾನಗರದ ದಂಡೆಯ ಮರಳು ರವೆಯಂತೆ ಬಿಳಿ!

ಪಕ್ಕದ ಮನೆಯವರು ಶೋಕೇಸಿಗೆಂದು ಚಿಪ್ಪು ತರಲು ಹೇಳಿದ್ದರು. ಮಗಳು ಒಂದನ್ನು ಎತ್ತಿದಳೋ ಇಲ್ಲವೋ, ಒಳಗಿನಿಂದ ಪುಟ್ಟ ಕಾಲುಗಳು ಇಣುಕಿದವು. ಇದಕ್ಕೆ ಸನ್ಯಾಸಿ ಏಡಿ ಅನ್ನುತ್ತಾರೆ. ಮೈಯ ಹಿಂಭಾಗ ಮೆತ್ತಗೆ. ತಾನಾಗಿ ಚಿಪ್ಪು ಕಟ್ಟಲಾರದು. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪೇ ಅದಕ್ಕೆ ಮನೆ. ಮೈ ಬೆಳೆದರೆ ಇನ್ನೂ ದೊಡ್ಡದನ್ನು ಹುಡುಕಬೇಕು. ಹೆಸರಿಗೆ ಸನ್ಯಾಸಿ, ಪಾಡೆಲ್ಲ ಸಂಸಾರಿಯದು! ಇವರಿಗೆ ವರ್ಗವಾದಾಗಲೆಲ್ಲ ಸಾಮಾನು ಹೊತ್ತು ಬಾಡಿಗೆ ಮನೆ ಹುಡುಕಿದವಳು ನಾನು. ‘ಕೆಳಗಿಡೇ’ ಎಂದೆ. ಖಾಲಿ ಚಿಪ್ಪುಗಳನ್ನೂ ಮುಟ್ಟಲಿಲ್ಲ. ನಾಳೆ ಯಾವುದೋ ಏಡಿಗೆ ಬೇಕಾದೀತು.

ಹವಳವೆಂದರೆ ನನಗೆ ಗೊತ್ತಿದ್ದುದು ಕರಿಮಣಿ ಸರದ ಕೆಂಪು ಮಣಿ. ಆದರೆ ನಾರ್ತ್ ಬೇಯಲ್ಲಿ (ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂಬದಿಯ ಚಿತ್ರ ಅಲ್ಲಿಯದೇ) ಗಾಜಿನ ತಳದ ದೋಣಿಯಿಂದ ಬಗ್ಗಿ ನೋಡಿದರೆ ಹೂಕೋಸಿನಂತೆ, ಜಿಂಕೆಯ ಕೊಂಬಿನಂತೆ ಹವಳದ ತೋಟವೇ ಇದೆ! ಅದು ಸಣ್ಣ ಸಣ್ಣ ಜೀವಿಗಳು ಸೇರಿ ಕಟ್ಟಿದ ವಠಾರ. ಬಂಡೆಯಂಥ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರು ಬೆಳೆದರೆ ಹೆಚ್ಚು. ನಾವು ಮುರಿಯುವುದು ಒಂದು ಗಳಿಗೆಯಲ್ಲಿ.

ಹೋಗುವ ಸೋದರಿಯರಿಗೆ ಎರಡು ಮಾತು. ಮೇ ತಿಂಗಳಿನಿಂದ ಮಳೆ. ಜನವರಿಯಿಂದ ಏಪ್ರಿಲ್‌ವರೆಗೆ ಹಿತ. ಈ ಹವಳಗಳಿಗೂ ಕೆಲವು ಜಾತಿಯ ಚಿಪ್ಪುಗಳಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ದಂಡೆಯಲ್ಲಿ ಬಿದ್ದ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಉಡುಗೊರೆಗೆ ತೆಂಗಿನ ಕರಟದ ಸಾಮಾನು ಸಿಗುತ್ತದೆ.

ನಾನೂ ಅದನ್ನೇ ತಂದೆ. ಪಕ್ಕದ ಮನೆಯವರು ಮೊದಲು ಮುಖ ಸಣ್ಣ ಮಾಡಿದರು. ಏಡಿಯ ಕಥೆ ಕೇಳಿದ ಮೇಲೆ, ‘ಹೋಗ್ಲಿ ಬಿಡ್ರೀ, ನಾವೂ ಬಾಡಿಗೆ ಮನೆಯವರೇ ಅಲ್ವಾ?’ ಎಂದು ನಕ್ಕರು.