ಬ್ಲೇಡು ಇಟ್ಕೊಳ್ಳಿ, ಹಿಡಿಕೆ ಕೊಡಿ!

ಮುಂಬೈಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಊರಿಂದ ಬರುವಾಗ ಚಟ್ನಿಪುಡಿ, ಕಟಕ ರೊಟ್ಟಿ, ಪೇಡೆ ಹೊತ್ತು ತಂದವರೇ ನಾವೆಲ್ಲ. ಈ ಸಲ ನಾನು ತರುತ್ತಿದ್ದದ್ದು ಅಪ್ಪನ ರೇಜರ್. ಅದು ಡೊಂಬಿವಲಿ ಮುಟ್ಟಲೇ ಇಲ್ಲ.

ಅಪ್ಪನ ಹದಿಮೂರನೇ ದಿನದ ಕಾರ್ಯ ಮುಗಿಸಿ ಹೊರಟಾಗ ಅಣ್ಣ ಅದನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿ ಕೈಗಿಟ್ಟ. ಜೊತೆಗೆ ಸವೆದ ಒಂದು ಸ್ಫಟಿಕದ ತುಂಡು. ರೇಜರ್ ಹಿತ್ತಾಳೆಯದು. ಹಿಡಿಕೆಯ ಬುಡ ತಿರುವಿದರೆ ಮೇಲಿನ ಎರಡು ರೆಕ್ಕೆ ತೆರೆದುಕೊಳ್ಳುತ್ತವೆ, ನಡುವೆ ಬ್ಲೇಡು. ಹಿತ್ತಲ ಬಾಗಿಲಿಗೆ ಕನ್ನಡಿ ತೂಗುಹಾಕಿ ಅಪ್ಪ ಗಡ್ಡ ಮಾಡಿಕೊಳ್ಳುವುದನ್ನು ನೋಡುತ್ತಲೇ ನಾನು ಬೆಳೆದದ್ದು.

ಸೆಕ್ಯೂರಿಟಿಯಲ್ಲಿ ಬ್ಯಾಗು ಪಕ್ಕಕ್ಕೆ ಸರಿಯಿತು. "ಇಸ್ಮೇ ಬ್ಲೇಡ್ ಹೈ" ಅಂದರು. ಹೌದು, ಇತ್ತು! ಅಪ್ಪ ಕೊನೆಯ ಸಲ ಹಾಕಿದ್ದ ಬ್ಲೇಡು ಹಾಗೇ ಇತ್ತು. ನಾನು ತೆಗೆದು ನೋಡಿರಲಿಲ್ಲ. ತಪ್ಪು ನನ್ನದೇ, ಒಪ್ಪಿದೆ. "ಬ್ಲೇಡು ಇಟ್ಕೊಳ್ಳಿ, ಹಿಡಿಕೆ ಕೊಡಿ" ಅಂತ ಬೇಡಿಕೊಂಡೆ. ಆಗೋದಿಲ್ಲ ಅಂದರು. ಚೆಕ್-ಇನ್ ಕೌಂಟರ್ ಆಗಲೇ ಮುಚ್ಚಿತ್ತು, ಅಣ್ಣ ಬಸ್ ಹತ್ತಿ ಹೋಗಿಯಾಗಿತ್ತು. ಡಬ್ಬಿಗೆ ಟಣ್ ಅಂತ ಬಿತ್ತು.

ಇಲ್ಲಿನ ಗೆಳೆಯರ ಹತ್ತಿರ ಹೇಳಿಕೊಂಡರೆ ಬಂದ ಉತ್ತರ ಏನು ಗೊತ್ತೇ? "ರೂಲ್ಸ್ ಅಂದ್ರ ರೂಲ್ಸಪಾ, ಸುಮ್ನಿರು."

ಯಾಕೆ ಸುಮ್ಮನಿರಬೇಕು ಸ್ವಾಮಿ? ನಿಯಮಗಳು ಯಾಕೆ ಬಂದವು ಅಂತ ನನಗೂ ಗೊತ್ತು. 1999ರ ಡಿಸೆಂಬರಿನಲ್ಲಿ ಕಂದಹಾರಕ್ಕೆ ಹೋದ ವಿಮಾನವನ್ನು ಯಾರು ಮರೆತಾರು? 2001ರ ಸೆಪ್ಟೆಂಬರ್ 11 ಆದ ಮೇಲೆ ಚೂಪಾದದ್ದೆಲ್ಲ ನಿಷಿದ್ಧವಾಯಿತು. 2006ರ ಆಗಸ್ಟಿನಲ್ಲಿ ಲಂಡನ್ನಿನ ಸಂಚು ಬಯಲಾದ ಮೇಲೆ ದ್ರವ, ಜೆಲ್, ಫೋಮಿನ ಸರದಿ. ವಿದೇಶಕ್ಕೆ ಹೋಗುವಾಗ ಶೇವಿಂಗ್ ಕ್ರೀಮಿಗೆ 100 ಮಿ.ಲೀ. ಮಿತಿ ಬಂದದ್ದು ಹಾಗೆ. ಬಿಡಿ ಬ್ಲೇಡು ಕ್ಯಾಬಿನ್ನಿಗೆ ಬೇಡ ಅನ್ನುವುದಕ್ಕೂ ನನ್ನ ತಕರಾರಿಲ್ಲ.

ಆದರೆ ನಿಯಮಕ್ಕೆ ಒಂದು ಕಾರಣ ಇದ್ದರೆ, ಕಾರಣ ಮುಗಿದಲ್ಲಿ ನಿಯಮವೂ ನಿಲ್ಲಬೇಕಲ್ಲ? ಪ್ಲಾಸ್ಟಿಕ್ಕಿನೊಳಗೆ ಐದು ಬ್ಲೇಡು ಕೂರಿಸಿದ ಕಾರ್ಟ್ರಿಜ್ ರೇಜರ್ ಪಕ್ಕದವರ ಬ್ಯಾಗಿನಲ್ಲಿ ಆರಾಮಾಗಿ ಹೋಯಿತು. ಅದರ ಬ್ಲೇಡು ಕೀಳುವುದು ಕಷ್ಟ ಅನ್ನುತ್ತಾರೆ, ಸರಿ. ಹಾಗಾದರೆ ಬ್ಲೇಡೇ ಇಲ್ಲದ ಹಿಡಿಕೆ ಏನು ಮಾಡೀತು? ಅಷ್ಟೆಲ್ಲ ಕಟ್ಟುನಿಟ್ಟಿನ ಅಮೆರಿಕದವರೇ ಬ್ಲೇಡು ತೆಗೆದ ಹಿಡಿಕೆ ಕೈಚೀಲದಲ್ಲಿ ಹೋಗಬಹುದು ಅಂತ ಬರೆದಿಟ್ಟಿದ್ದಾರೆ. ನಾಲ್ಕು ಇಂಚಿಗಿಂತ ಚಿಕ್ಕ ಕತ್ತರಿಯನ್ನೂ 2005ರಲ್ಲೇ ಬಿಟ್ಟರು. ಯೋಚಿಸಿ ಸಡಿಲಿಸಿದರೆ ಭದ್ರತೆಗೆ ಭಂಗ ಬರುವುದಿಲ್ಲ.

ಇನ್ನೊಂದು ಮಾತು. ಕಾಫಿ, ಚಾಕಲೇಟು, ಸೆಂಟು ಮಾರಲು ಬೇಕಾದಷ್ಟು ಜಾಗ ಇರುವ ಕಟ್ಟಡದಲ್ಲಿ, ತಡೆದ ವಸ್ತುವನ್ನು ಪ್ರಯಾಣಿಕನ ಖರ್ಚಿನಲ್ಲೇ ಮನೆಗೆ ಕೊರಿಯರ್ ಮಾಡುವ ಒಂದು ಮೇಜಿಗೆ ಜಾಗ ಇರಲಿಲ್ಲವೇ? ಮುನ್ನೂರು ರೂಪಾಯಿ ಕೇಳಿದ್ದರೂ ಕೊಡುತ್ತಿದ್ದೆ, ಮೂರು ಸಾವಿರ ಕೇಳಿದ್ದರೂ. ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಅವನೂ ಯಾವುದೋ ಊರು ಬಿಟ್ಟು ಬಂದವನೇ. ಅವನ ಕೈಗೆ ಡಬ್ಬಿ ಒಂದನ್ನೇ ಕೊಟ್ಟು ಕೂರಿಸಿದವರ ಮೇಲೆ.

ಅವರು ಬದಲಾಗುವ ತನಕ ನೀವಾದರೂ ಹುಷಾರಾಗಿರಿ. ಇಂಥ ರೇಜರ್ ಇದ್ದರೆ ಮನೆಯಲ್ಲೇ ರೆಕ್ಕೆ ತೆರೆದು ನೋಡಿ. ಹಿಡಿಕೆ, ಬ್ಲೇಡು ಎರಡನ್ನೂ ಚೆಕ್-ಇನ್ ಬ್ಯಾಗಿಗೇ ಹಾಕಿ. ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ, ಬ್ಯಾಗು ತೆರೆದವರ ಕೈ ಕುಯ್ಯಬಾರದು. ಕೈಚೀಲ ಮಾತ್ರ ಇದ್ದರೆ ರೇಜರ್ ಮನೆಯಲ್ಲೇ ಇರಲಿ.

ಸ್ಫಟಿಕವನ್ನು ಮಾತ್ರ ಯಾರೂ ತಡೆಯಲಿಲ್ಲ. ಪ್ಲಾಸ್ಟಿಕ್ ರೇಜರಿನಲ್ಲಿ ಗಡ್ಡ ಮಾಡಿಕೊಂಡು ದಿನಾ ಅದನ್ನೇ ಉಜ್ಜಿಕೊಳ್ಳುತ್ತೇನೆ. ಅದೂ ಸವೆಯುತ್ತಿದೆ.