ಚೀಲಕ್ಕೆ ದಂಡ, ಕುಲುಮೆಗೆ ರತ್ನಗಂಬಳಿ

ಉತ್ಸವದ ದೀಪಗಳು ಆರಿದ ಮೇಲೆ ಹಂಪಿಯಲ್ಲಿ ಶಾಲಾ ಮಕ್ಕಳ ಕೈಗೆ ಪೊರಕೆ ಬರುತ್ತದೆ. ಪ್ಲಾಸ್ಟಿಕ್ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯೂ ಆಗುತ್ತದೆ, ಛಾಯಾಚಿತ್ರವೂ ಆಗುತ್ತದೆ. ಅತ್ತ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯಿಂದ ತೆಳುಚೀಲಗಳನ್ನು ಕಿತ್ತುಕೊಂಡು ದಂಡ ವಿಧಿಸಲಾಗುತ್ತದೆ. ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2022ರ ಜುಲೈ 1ರಂದು. ಇಷ್ಟಾದರೂ ತುಂಗಭದ್ರೆಯ ದಡದ ಮುಳ್ಳುಕಂಟಿಗಳಲ್ಲಿ ಚೀಲಗಳು ಹಾರಾಡುತ್ತಲೇ ಇವೆ. ಸೊಪ್ಪಿನವಳ ಬುಟ್ಟಿಗೆ ಆ ಚೀಲ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ದಂಡದ ರಸೀದಿಯಲ್ಲಿ ಜಾಗವಿಲ್ಲ.

ಅದರ ಮೂಲ ಎಥಿಲೀನ್ ಎಂಬ ಅನಿಲ. ಹೆಸರು ಹೊಸದೆನಿಸಿದರೂ ಕಮಲಾಪುರ, ಕಂಪ್ಲಿಗಳ ಬಾಳೆ ಬೆಳೆಗಾರರಿಗೆ ಅದರ ಕೆಲಸ ತಲೆಮಾರುಗಳಿಂದ ಗೊತ್ತು. ಹುಲ್ಲಿನಲ್ಲಿ ಮುಚ್ಚಿಟ್ಟ ಗೊನೆಯಲ್ಲಿ ನಾಲ್ಕು ಕಾಯಿ ಹಣ್ಣಾದರೆ ಉಳಿದವೂ ಬೇಗನೆ ಹಣ್ಣಾಗುವುದು, ಕಾಯಿಯೇ ಬಿಡುವ ಈ ಅನಿಲದಿಂದ. ಗಿಡ ಅದನ್ನು ತನಗೆ ಬೇಕಾದಾಗ, ಬೇಕಾದಷ್ಟೇ ತಯಾರಿಸಿಕೊಳ್ಳುತ್ತದೆ. ಕೈಗಾರಿಕೆಯ ದಾರಿ ಬೇರೆ. ಕಚ್ಚಾ ತೈಲದಿಂದ ಬರುವ ನಾಫ್ತಾವನ್ನೋ, ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಈಥೇನನ್ನೋ ಹಬೆಯೊಡನೆ 800 ಡಿಗ್ರಿ ಸೆಲ್ಸಿಯಸ್ ಮೀರಿದ ಕುಲುಮೆಯಲ್ಲಿ ಹಾಯಿಸಿ, ಅಣುಗಳನ್ನು ಸೀಳಿ ಎಥಿಲೀನ್ ಪಡೆಯಲಾಗುತ್ತದೆ. ಅದರ ಸಾವಿರಾರು ಅಣುಗಳನ್ನು ಮಣಿಸರದಂತೆ ಪೋಣಿಸಿದರೆ ಪಾಲಿಥೀನ್. ಕ್ಲೋರಿನ್ ಕೂಡಿಸಿ ಮುಂದುವರಿದರೆ ಪಿವಿಸಿ ಕೊಳವೆ. ನಾಫ್ತಾ ಸೀಳುವಾಗ ಜೊತೆಯಲ್ಲೇ ಹುಟ್ಟುವ ಪ್ರೊಪಿಲೀನ್‌ನಿಂದ ಗೊಬ್ಬರದ ಚೀಲ. ಜಗತ್ತಿನಲ್ಲಿ ವರ್ಷಕ್ಕೆ 15 ಕೋಟಿ ಟನ್ನಿಗೂ ಮಿಗಿಲಾಗಿ ಎಥಿಲೀನ್ ತಯಾರಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಾಲಿಥೀನ್ ಆಗುತ್ತದೆ. ಆ ಸರವನ್ನು ಬಿಡಿಸುವ ಶಕ್ತಿ ಸಂಡೂರು ಕಾಡಿನ ಗೆದ್ದಲಿಗೂ ಇಲ್ಲ.

ಇಂಥ ಕುಲುಮೆ ಬಳ್ಳಾರಿ ಸೀಮೆಯಲ್ಲಿಲ್ಲ, ಕರ್ನಾಟಕದಲ್ಲೇ ಇಲ್ಲ. ಮಂಗಳೂರಿನ ಎಂಆರ್‌ಪಿಎಲ್ 2015ರಿಂದ ಪಾಲಿಪ್ರೊಪಿಲೀನ್ ತಯಾರಿಸುತ್ತಿದೆ, ಅಷ್ಟೇ. ಎಥಿಲೀನ್ ಕುಲುಮೆಗಳು ಉರಿಯುವುದು ಗುಜರಾತಿನ ಜಾಮ್‌ನಗರ, ಹಜೀರಾ, ದಹೇಜ್‌ಗಳಲ್ಲಿ. ಹರಿಯಾಣದ ಪಾಣಿಪತ್, ಬಂಗಾಳದ ಹಲ್ದಿಯಾ, ಉತ್ತರ ಪ್ರದೇಶದ ಪಾಟಾಗಳಲ್ಲಿ. ದಹೇಜಿಗೆ ಅಮೆರಿಕದಿಂದ ದ್ರವರೂಪದ ಈಥೇನ್ ಹೊತ್ತ ದೈತ್ಯ ಹಡಗುಗಳು ಬರುತ್ತಿವೆ. ಟೆಕ್ಸಾಸಿನ ನೆಲದಡಿಯ ಅನಿಲ ಸಾಗರ ದಾಟಿ, ಸೀಳಿಸಿಕೊಂಡು, ಶಾಂಪೂ ಪೊಟ್ಟಣವಾಗಿ ಕಂಪ್ಲಿಯ ಗದ್ದೆಯ ಬದುವಿನಲ್ಲಿ ಬಿದ್ದಿರಬಹುದು. ಸಾವಿರಾರು ಕೋಟಿ ರೂಪಾಯಿ ಸುರಿದ ಕುಲುಮೆ ಹಗಲಿರುಳು ಉರಿದರಷ್ಟೇ ಲಾಭ. ಹೊಲಕ್ಕೆ ನೀರು ಸಾಕಾಯಿತೆಂದು ತೂಬು ಮುಚ್ಚಿದಂತೆ ಅದನ್ನು ಮುಚ್ಚುವುದಿಲ್ಲ. ಮಾಲು ಮೊದಲು, ಬೇಡಿಕೆ ಆಮೇಲೆ. 2030ರವರೆಗೆ ತೈಲ ಬೇಡಿಕೆ ಹೆಚ್ಚುವುದರಲ್ಲಿ ಮೂರನೇ ಒಂದಕ್ಕೂ ಮಿಕ್ಕ ಪಾಲು ಪೆಟ್ರೋರಾಸಾಯನಿಕಗಳದ್ದಾಗಲಿದೆಯೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲೇ ಅಂದಾಜಿಸಿತ್ತು. ವಾಹನಗಳು ವಿದ್ಯುತ್ತಿಗೆ ಹೊರಳಿದರೂ ತೈಲದವರಿಗೆ ಗಿರಾಕಿ ಬೇಕಲ್ಲವೆ?

ಪ್ಲಾಸ್ಟಿಕ್ ಬಡವರ ಬಂಧು ಎನ್ನುವವರಿದ್ದಾರೆ. ಆ ಮಾತನ್ನು ಪೂರ್ತಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೇಸ್ ಕಂಡ ಹರಿಗೋಲುಗಳಿಗೆ ಚರ್ಮದ ಹೊದಿಕೆಯಿತ್ತು. ಇಂದು ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮರಳಿ ಚರ್ಮವನ್ನೇ ಹೊಲಿಯೆಂದು ಅಂಬಿಗನಿಗೆ ಹೇಳುವುದು ಅವಿವೇಕ. ದಶಕಗಳ ಕಾಲ ನೀರು ಹಾಯಿಸುವ ಕೊಳವೆಯ ಮೇಲೂ ಯಾರ ಜಗಳವಿಲ್ಲ. ಆದರೆ ಹರಿಗೋಲನ್ನೂ ಹನಿ ನೀರಾವರಿಯನ್ನೂ ಮುಂದೊಡ್ಡಿ, ಐದು ನಿಮಿಷದಲ್ಲಿ ಕಸವಾಗುವ ಪೊಟ್ಟಣಕ್ಕೆ ರಕ್ಷಣೆ ಕೋರುವುದು ಮೋಸ. ಮರುಬಳಕೆಯ ಭರವಸೆಯೂ ಇದೇ ಜಾತಿಯದು. ಒಇಸಿಡಿ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತು ಬಳಸಿದ ಪ್ಲಾಸ್ಟಿಕ್ 46 ಕೋಟಿ ಟನ್. ಪ್ಲಾಸ್ಟಿಕ್ ಕಸದಲ್ಲಿ ನಿಜವಾಗಿ ಮರುಬಳಕೆಯಾದದ್ದು ಶೇಕಡ 9. ಉಳಿದದ್ದು ಗುಂಡಿಗೆ, ಬೆಂಕಿಗೆ, ಹೊಳೆಗೆ, ದನದ ಹೊಟ್ಟೆಗೆ.

ಉತ್ಪಾದನೆಗೇ ಮಿತಿ ಹಾಕುವುದು ಆಗದ ಮಾತೆನ್ನುವವರು ಸಂಡೂರಿನ ಗುಡ್ಡಗಳತ್ತ ನೋಡಬೇಕು. ಅದಿರಿನ ಕೆಂಧೂಳು ಬೆಳೆಯನ್ನು ಮುಚ್ಚುತ್ತಿದ್ದ ದಿನಗಳಲ್ಲಿ, ರಸ್ತೆಗೆ ನೀರು ಚಿಮುಕಿಸಿ, ಲಾರಿಗೆ ತಾಡಪಾಲು ಹೊದಿಸಿದರೆ ಸಾಕೆಂಬ ಉಪದೇಶಕ್ಕೆ ಬರವಿರಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈನಲ್ಲಿ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳಿಗೆ ಅನುಮತಿ ಕೊಟ್ಟಾಗ ಜಿಲ್ಲೆಯಿಂದ ವರ್ಷಕ್ಕೆ ತೆಗೆಯುವ ಅದಿರು 2.5 ಕೋಟಿ ಟನ್ ಮೀರಬಾರದೆಂದಿತು. ಆ ಮಿತಿ 2017ರಲ್ಲಿ 2.8 ಕೋಟಿಗೆ, 2022ರಲ್ಲಿ 3.5 ಕೋಟಿಗೆ ಏರಿದ್ದು ಬೇರೆಯೇ ಸಂಕಟದ ಕತೆ. ಆದರೂ ಏರಿಸಲು ನ್ಯಾಯಾಲಯದ ಮುಂದೆ ನಿಂತು ಕಾರಣ ಹೇಳಬೇಕಾಯಿತು. ಎಥಿಲೀನ್ ಕುಲುಮೆಗೆ ಅಷ್ಟು ತೊಡಕೂ ಇಲ್ಲ.

ಅಂಥದೊಂದು ತೊಡಕನ್ನು ಒಡ್ಡುವ ಅವಕಾಶ ಬಂದಿತ್ತು. ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಜಾಗತಿಕ ಒಪ್ಪಂದ ರೂಪಿಸಲು 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ನಿರ್ಣಯವಾಯಿತು. 2024ರ ಕೊನೆಯಲ್ಲಿ ಬುಸಾನಿನಲ್ಲಿ ನಡೆದ ಮಾತುಕತೆಯಲ್ಲಿ ಉತ್ಪಾದನೆ ತಗ್ಗಿಸುವ ಪ್ರಸ್ತಾವಕ್ಕೆ ನೂರಕ್ಕೂ ಹೆಚ್ಚು ದೇಶಗಳ ಬೆಂಬಲವಿತ್ತು. ತೈಲ ರಾಷ್ಟ್ರಗಳು ಅಡ್ಡ ನಿಂತವು; ಭಾರತವೂ ಅಭಿವೃದ್ಧಿಯ ಹಕ್ಕಿನ ಹೆಸರಿನಲ್ಲಿ ಉತ್ಪಾದನೆಯ ನಿಯಂತ್ರಣವನ್ನು ಒಪ್ಪಲಿಲ್ಲ. 2025ರ ಆಗಸ್ಟ್‌ನ ಜಿನೀವಾ ಸಭೆಯೂ ಬರಿಗೈಯಲ್ಲಿ ಮುಗಿಯಿತು. ಯಾರ ಅಭಿವೃದ್ಧಿ? 2016ರ ನಿಯಮಗಳಂತೆ ಹಳ್ಳಿಯ ಪ್ಲಾಸ್ಟಿಕ್ ಕಸದ ವಿಲೇವಾರಿ ಗ್ರಾಮ ಪಂಚಾಯಿತಿಯ ತಲೆಗೆ. ತಯಾರಕರೂ ಹೊಣೆಗಾರರೆಂದು ಅದೇ ನಿಯಮ ಹೇಳುತ್ತದೆ, ನಿಜ. ಆದರೆ 2022ರ ಮಾರ್ಗಸೂಚಿಯಂತೆ ಬೇರೆಲ್ಲೋ ಸಂಸ್ಕರಿಸಿದ ಕಸದ ಪ್ರಮಾಣಪತ್ರಗಳನ್ನು ಕೊಂಡು ಅವರು ಲೆಕ್ಕ ತೀರಿಸಬಹುದು. ಪ್ರಮಾಣಪತ್ರ ದಿಲ್ಲಿಯ ಕಡತ ಸೇರುತ್ತದೆ, ಪೊಟ್ಟಣ ಕುಮಾರಸ್ವಾಮಿ ಬೆಟ್ಟದಲ್ಲೇ ಉಳಿಯುತ್ತದೆ.

ಹೊಸಪೇಟೆ ಇಂದು ವಿಜಯನಗರ ಜಿಲ್ಲೆಯಲ್ಲಿದ್ದರೂ ಸಂಡೂರು, ಕಂಪ್ಲಿಗಳೊಡನೆ ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೇ ಸೇರಿದೆ. ಮೂರೂ ತಾಲ್ಲೂಕುಗಳ ಗ್ರಾಮಸಭೆಗಳು ಒಂದೇ ನಿರ್ಣಯವನ್ನು ಒಬ್ಬರೇ ಸಂಸದರಿಗೆ ಕಳಿಸಬಹುದು: ಬಳ್ಳಾರಿಯ ಅದಿರಿಗೆ ಮಿತಿಯಿರುವ ದೇಶದಲ್ಲಿ ಜಾಮ್‌ನಗರದ ಎಥಿಲೀನಿಗೆ ಏಕಿಲ್ಲವೆಂದು ಲೋಕಸಭೆಯಲ್ಲಿ ಕೇಳಿರಿ ಎಂದು. ಕಾಲೇಜು ವಿದ್ಯಾರ್ಥಿಗಳು ಕಾಲುವೆಯ ತೂಬುಗಳಲ್ಲಿ ಸಿಕ್ಕಿಬಿದ್ದ ಪೊಟ್ಟಣಗಳನ್ನು ಆಯ್ದು, ಅವುಗಳ ಮೇಲಿನ ಕಂಪನಿಗಳ ಹೆಸರುಗಳನ್ನು ಒಂದೊಂದಾಗಿ ಎಣಿಸಿ ಬರೆದು, ಆ ಪಟ್ಟಿಯನ್ನು ನಿರ್ಣಯಕ್ಕೆ ಲಗತ್ತಿಸಲಿ.